ಅಪಘಾತದ ಗಾಯಾಳುವಿಗೆ ಯಾವ ರಕ್ತಘಟಕ, ಯಾವಾಗ? – ನನ್ನ ಅನುಭವ

ತೀವ್ರವಾಗಿ ಗಾಯಗೊಂಡವರಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿಯ ರಕ್ತ, ಅವರು ಆಸ್ಪತ್ರೆ ತಲುಪುವ ಹೊತ್ತಿಗೇ ಸರಿಯಾಗಿ ಹೆಪ್ಪುಗಟ್ಟುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ನಾನು ಅರಿವಳಿಕೆ ತಜ್ಞನಾಗಿ ಕೆಲಸ ಆರಂಭಿಸಿದ ಕಾಲದಲ್ಲಿ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಪಿಟಿ, ಎಪಿಟಿಟಿ ಪರೀಕ್ಷೆಗಳ ವರದಿಗಳು ಪ್ರಯೋಗಾಲಯದಿಂದ ಬರುವಷ್ಟರಲ್ಲಿ ರೋಗಿಗೆ ನಾಲ್ಕಾರು ಚೀಲ ರಕ್ತ ಹೋಗಿರುತ್ತಿತ್ತು. ವರದಿಯ ಅಂಕಿಗೂ ಆಗಿನ ಸ್ಥಿತಿಗೂ ತಾಳೆಯಾಗುತ್ತಿರಲಿಲ್ಲ. ಆದ್ದರಿಂದ ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್‌ಗಳನ್ನು 1:1:1 ಪ್ರಮಾಣದಲ್ಲಿ, ರಕ್ತಸ್ರಾವ ನಿಲ್ಲುವವರೆಗೂ ಕೊಡುತ್ತಾ ಹೋಗುತ್ತಿದ್ದೆವು.

ಶಸ್ತ್ರಚಿಕಿತ್ಸಾ ಕೊಠಡಿಯ ಪಕ್ಕದಲ್ಲೇ, ರಕ್ತ ಹೆಪ್ಪುಗಟ್ಟುವ ಬಗೆಯನ್ನು ರೇಖೆಯಾಗಿ ತೋರಿಸುವ ರೋಟೆಮ್ ಯಂತ್ರ ಬಂದ ಮೇಲೆ ಕ್ರಮ ಬದಲಾಯಿತು. ಇದರ ಮೂಲತತ್ತ್ವವನ್ನು ಜರ್ಮನಿಯ ಹಾರ್ಟರ್ಟ್ 1948ರಲ್ಲೇ ಪ್ರಕಟಿಸಿದ್ದರು. ಪುಟ್ಟ ಬಟ್ಟಲಿನಲ್ಲಿರುವ ರಕ್ತದೊಳಗೆ ಒಂದು ಕಡ್ಡಿ ಅತ್ತಿತ್ತ ತಿರುಗುತ್ತಿರುತ್ತದೆ. ರಕ್ತ ಹೆಪ್ಪುಗಟ್ಟುತ್ತಿದ್ದಂತೆ ಕಡ್ಡಿಯ ಚಲನೆ ಕುಗ್ಗುತ್ತದೆ, ಪರದೆಯ ಮೇಲಿನ ರೇಖೆ ಅಗಲವಾಗುತ್ತದೆ. ಹೆಪ್ಪುಗಟ್ಟಲು ಶುರುವಾದ ಐದು ನಿಮಿಷಕ್ಕೆ ಆ ಅಗಲ ಎಷ್ಟು ಮಿಲಿಮೀಟರ್ ಇದೆ ಎಂಬುದೇ ನಾನು ಮೊದಲು ನೋಡುವ ಅಂಕಿ.

ಅದರಲ್ಲಿಯೂ ನನ್ನ ಕಣ್ಣು ಹೋಗುವುದು ಫಿಬ್ಟೆಮ್ ರೇಖೆಯ ಕಡೆಗೆ. ಈ ಯಂತ್ರದ ಪರೀಕ್ಷೆಗಳಲ್ಲಿ ಎಕ್ಸ್‌ಟೆಮ್ ಹೆಪ್ಪಿನ ಒಟ್ಟು ಗಟ್ಟಿತನವನ್ನು ತೋರಿಸಿದರೆ, ಪ್ಲೇಟ್‌ಲೆಟ್‌ಗಳ ಕೆಲಸವನ್ನು ತಡೆಹಿಡಿದು ಮಾಡುವ ಫಿಬ್ಟೆಮ್ ಅದರಲ್ಲಿ ಹೆಪ್ಪಿನ ಎಳೆಗಳಾಗುವ ಪ್ರೋಟೀನ್ ಆದ ಫೈಬ್ರಿನೋಜೆನ್ನಿನ ಪಾಲೆಷ್ಟು ಎಂಬುದನ್ನು ಬೇರೆಯಾಗಿ ಹೇಳುತ್ತದೆ. ಭಾರೀ ರಕ್ತಸ್ರಾವದಲ್ಲಿ ಎಲ್ಲಕ್ಕಿಂತ ಮೊದಲು ಅಪಾಯದ ಮಟ್ಟಕ್ಕೆ ಇಳಿಯುವುದು ಫೈಬ್ರಿನೋಜೆನ್. ಬೈಕ್ ಅಪಘಾತದಲ್ಲಿ ಸೊಂಟದ ಮೂಳೆ ಮುರಿದಿದ್ದ ಯುವಕನೊಬ್ಬನ ಫಿಬ್ಟೆಮ್ ಕೇವಲ 4 ಮಿಲಿಮೀಟರ್ ಇತ್ತು. "ಡಾಕ್ಟ್ರೇ, ಇನ್ನೂ ನಾಲ್ಕು ಪ್ಲಾಸ್ಮಾ ತರಿಸಿಬಿಡಿ" ಎಂದರು ಶಸ್ತ್ರಚಿಕಿತ್ಸಕರು. "ಸರ್, ಇವನಿಗೆ ಈಗ ಬೇಕಿರುವುದು ಕ್ರಯೋ" ಎಂದು ನಾನು ರೇಖೆಯನ್ನು ತೋರಿಸಿದೆ. ಕ್ರಯೋ ಎಂದರೆ ಪ್ಲಾಸ್ಮಾದಿಂದ ಬೇರ್ಪಡಿಸಿದ, ಫೈಬ್ರಿನೋಜೆನ್ ದಟ್ಟವಾಗಿರುವ ಘಟಕ. ಸುಮಾರು 20 ಮಿಲಿಲೀಟರಿನ ಒಂದು ಕ್ರಯೋ ಚೀಲದಲ್ಲಿರುವಷ್ಟು ಫೈಬ್ರಿನೋಜೆನ್ ಪ್ಲಾಸ್ಮಾದಿಂದಲೇ ಸಿಗಬೇಕೆಂದರೆ ಅದರ ಹಲವು ಪಟ್ಟು ದ್ರವವನ್ನು ದೇಹಕ್ಕೆ ತುಂಬಬೇಕಾಗುತ್ತದೆ. ಹತ್ತು ಚೀಲ ಕ್ರಯೋ ಹೋದ ಮೇಲೆ ಅದೇ ಅಂಕಿ 11ಕ್ಕೆ ಏರಿತು, ಪ್ಲಾಸ್ಮಾ ಮತ್ತೆ ಬೇಕಾಗಲಿಲ್ಲ. ಫಿಬ್ಟೆಮ್ ಚೆನ್ನಾಗಿದ್ದು ಎಕ್ಸ್‌ಟೆಮ್ ಮಾತ್ರ ಸಣ್ಣದಾಗಿದ್ದರೆ ಪ್ಲೇಟ್‌ಲೆಟ್ ತರಿಸುತ್ತೇನೆ.

ಆದರೆ ರಕ್ತ ಕೊಡುವುದನ್ನು ಆರಂಭಿಸಲು ನಾನು ಎಂದೂ ಪರೀಕ್ಷೆಗಾಗಿ ಕಾಯುವುದಿಲ್ಲ. ಮೊದಲ ಸುತ್ತು ಹಳೆಯ ಪ್ರಮಾಣದಂತೆಯೇ ನಡೆಯುತ್ತದೆ. ಗಾಯವಾಗಿ ಮೂರು ಗಂಟೆಯೊಳಗೆ ಬಂದವರಿಗೆ, ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವನ್ನೂ ತಕ್ಷಣ ಕೊಡುತ್ತೇನೆ. 20,000ಕ್ಕೂ ಹೆಚ್ಚು ಗಾಯಾಳುಗಳನ್ನು ಒಳಗೊಂಡ ಕ್ರ್ಯಾಶ್-2 ಅಧ್ಯಯನ ಅದರ ಉಪಯೋಗವನ್ನು 2010ರಲ್ಲೇ ತೋರಿಸಿದೆ. ರೋಟೆಮ್ ಮಾದರಿಯ ಯಂತ್ರವಿದ್ದರೆ ಸಾವುಗಳೇ ಇಳಿಯುತ್ತವೆ ಎಂದೂ ನಾನು ವಾದಿಸುವುದಿಲ್ಲ: 2016ರ ಡೆನ್ವರ್ ಅಧ್ಯಯನದಲ್ಲಿ ಇಂಥ ಪರೀಕ್ಷೆಯಿಂದ ಹೆಚ್ಚು ಮಂದಿ ಬದುಕುಳಿದರೂ, ಯುರೋಪಿನ ಇಟ್ಯಾಕ್ಟಿಕ್ ಅಧ್ಯಯನದಲ್ಲಿ ಸಾಮಾನ್ಯ ಪರೀಕ್ಷೆಗಳಿಗೂ ಇದಕ್ಕೂ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಯಂತ್ರವಿಲ್ಲದ ಆಸ್ಪತ್ರೆಯ ಸಹೋದ್ಯೋಗಿಗಳು ಕೇಳಿದಾಗ, ಫೈಬ್ರಿನೋಜೆನ್ ಮಟ್ಟವನ್ನು ತುರ್ತಾಗಿ ತರಿಸಿಕೊಂಡು, ಲೀಟರಿಗೆ 1.5 ಗ್ರಾಂಗಿಂತ ಕೆಳಗಿದ್ದರೆ ಕ್ರಯೋ ಕೊಡಿ ಎಂದೇ ಹೇಳುತ್ತೇನೆ. ಎಲ್ಲರಿಗೂ ಕಣ್ಣುಮುಚ್ಚಿ ಕ್ರಯೋ ಕೊಡುವುದರಿಂದ ಸಾವು ಕಡಿಮೆಯಾಗದು ಎಂಬುದನ್ನು 2023ರ ಕ್ರಯೋಸ್ಟ್ಯಾಟ್-2 ತೋರಿಸಿದೆ.

ಕಿರಿಯರಿಗೆ ನಾನು ಮತ್ತೆ ಮತ್ತೆ ಹೇಳುವ ಸಂಗತಿ ಬೇರೆಯೇ ಇದೆ. ಯಂತ್ರವು ಮಾದರಿಯನ್ನು 37 ಡಿಗ್ರಿಗೆ ಬಿಸಿಮಾಡಿ, ಅದಕ್ಕೆ ಕ್ಯಾಲ್ಸಿಯಂ ಸೇರಿಸಿಯೇ ಪರೀಕ್ಷಿಸುತ್ತದೆ. ಆದ್ದರಿಂದ ಮೈ ತಣ್ಣಗಾಗಿ, ಹೆಪ್ಪುಗಟ್ಟದಿರಲೆಂದು ಚೀಲದ ರಕ್ತಕ್ಕೆ ಸೇರಿಸಿರುವ ಸಿಟ್ರೇಟಿನಿಂದ ಕ್ಯಾಲ್ಸಿಯಂ ಕುಸಿದು ರಕ್ತ ಒಸರುತ್ತಿರುವ ರೋಗಿಯ ರೇಖೆಯೂ ಸೊಗಸಾಗಿಯೇ ಕಾಣಬಹುದು. ಹೀಗಾಗಿ ಪ್ರತಿ ರೇಖೆಯ ಪಕ್ಕದಲ್ಲಿ ರೋಗಿಯ ದೇಹದ ಉಷ್ಣತೆಯನ್ನೂ, ಎಬಿಜಿ (ಅಪಧಮನಿ ರಕ್ತದ ಅನಿಲ ಪರೀಕ್ಷೆ) ವರದಿಯಲ್ಲಿನ ಅಯಾನಿಕ (ರಕ್ತದಲ್ಲಿ ಮುಕ್ತವಾಗಿರುವ) ಕ್ಯಾಲ್ಸಿಯಂ ಅನ್ನೂ ಬರೆಸುತ್ತೇನೆ, ಕ್ಯಾಲ್ಸಿಯಂ ಲೀಟರಿಗೆ 1.1 ಮಿಲಿಮೋಲ್‌ಗಿಂತ ಕೆಳಗಿದ್ದರೆ ಇನ್ನೊಂದು ಚೀಲ ತರಿಸುವ ಮೊದಲು ಅದನ್ನು ಸರಿಪಡಿಸುತ್ತೇವೆ.