ಸ್ಟೀರಿಂಗ್ ಓರೆ, ಟೈರು ಒಂದೇ ಕಡೆ ಸವೆತ: ಅಲೈನ್‌ಮೆಂಟ್ ಮಾಡಿಸುವುದು ಹೇಗೆ?

ರಸ್ತೆ ನೇರ ಇದೆ, ಕಾರೂ ನೇರ ಹೋಗುತ್ತಿದೆ. ಸ್ಟೀರಿಂಗ್ ಮಾತ್ರ ಸ್ವಲ್ಪ ಓರೆ. ಇಲ್ಲವೇ ಸ್ಟೀರಿಂಗ್ ನೇರ ಹಿಡಿದರೆ ಕಾರು ಮೆಲ್ಲಗೆ ಒಂದು ಕಡೆ ಸರಿಯುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಕಾರು ಇಟ್ಟುಕೊಂಡವರಿಗೆ ಇದು ಹೊಸದಲ್ಲ. ಮಳೆಗಾಲದಲ್ಲಿ ನೀರು ತುಂಬಿದ ತಗ್ಗು ಎಷ್ಟು ಆಳ ಎಂಬುದು ಚಕ್ರ ಇಳಿದ ಮೇಲೇ ಗೊತ್ತಾಗುವುದು. ಅಣ್ಣಿಗೇರಿ, ನವಲಗುಂದದ ಕಡೆ ಓಡಾಡುವವರಿಗೆ ಇನ್ನೊಂದು ಕಾಟ. ಅಲ್ಲಿನದು ಎರಿ ಭೂಮಿ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಮೇಲೆ ಡಾಂಬರು ಹಾಕಿದರೂ ಕೆಳಗಿನ ಮಣ್ಣು ಸುಮ್ನೆ ಕೂರುವುದಿಲ್ಲ, ರಸ್ತೆಯೇ ಏರಿಳಿತ ಆಗುತ್ತದೆ.

ಇಂಥಲ್ಲಿ ಓಡುವ ಕಾರಿಗೆ ಆಗಾಗ ಚಕ್ರಗಳ ಓರೆ ಅಳೆದು ಸರಿಪಡಿಸುವ ಕೆಲಸ, ಅಂದರೆ ಅಲೈನ್‌ಮೆಂಟ್ ಬೇಕು, ನಿಜ. ಆದರೆ ಅಂಗಡಿಗೆ ಹೋಗುವ ಮೊದಲು ಮನೆ ಮುಂದೆಯೇ ಮಾಡಿಕೊಳ್ಳಬೇಕಾದ ಕೆಲಸ ಸ್ವಲ್ಪ ಇದೆ.

ಮೊದಲು ಗಾಳಿ, ಆಮೇಲೆ ಟೈರು

ನಾಲ್ಕೂ ಟೈರುಗಳ ಗಾಳಿ ನೋಡಿಸಿ. ಬೆಳಿಗ್ಗೆ, ಟೈರು ತಣ್ಣಗಿರುವಾಗ. ಎಷ್ಟಿರಬೇಕೆಂದು ಡ್ರೈವರ್ ಬಾಗಿಲಿನ ಪಕ್ಕದ ಸ್ಟಿಕರ್‌ನಲ್ಲೋ ಕಾರಿನ ಪುಸ್ತಕದಲ್ಲೋ ಇರುತ್ತದೆ. ಮುಂದಿನ ಒಂದು ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಕಾರು ಆ ಕಡೆಗೇ ಎಳೆಯುತ್ತದೆ. ಎಷ್ಟೋ ಸಲ ರೋಗ ಇಲ್ಲಿಗೇ ವಾಸಿ!

ಇನ್ನು ಟೈರು ನೋಡಿ. ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆಫ್ ಮಾಡಿ ಇಳಿಯಿರಿ. ಹೊರಗಿನ ಅಂಚು ಎಲ್ಲರಿಗೂ ಕಾಣುತ್ತದೆ. ಮೋಸ ಮಾಡುವುದು ಒಳಗಿನ ಅಂಚು. ಅಂಗೈಯನ್ನು ಟೈರಿನ ಮೇಲೆ ಹೊರಗಿನಿಂದ ಒಳಕ್ಕೆ, ಆಮೇಲೆ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಸವರಿ. ತಂತಿ ಎದ್ದಿದ್ದರೆ ಚುಚ್ಚುತ್ತದೆ, ಹುಷಾರು. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ಒರಟು ಅನ್ನಿಸಿದರೆ ಅಲೈನ್‌ಮೆಂಟ್ ಕೆಟ್ಟಿರುವುದು ಬಹುತೇಕ ಖಚಿತ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ.

ಆಮೇಲೆ ವಾಹನ ಕಡಿಮೆ ಇರುವ ಹೊತ್ತಿನಲ್ಲಿ, ಸಮತಟ್ಟಾದ ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿ ಹೋಗಿ ಹಿಡಿತ ಸಡಿಲಿಸಿ. ಕೈ ಪೂರ್ತಿ ಬಿಡುವ ಸಾಹಸ ಬೇಡ. (ಪಿ.ಬಿ. ರಸ್ತೆಯಲ್ಲಿ ಖಾಲಿ ಕಾಣುವುದು ಚಿಗರಿ ಬಸ್ಸಿಗೆಂದೇ ಮೀಸಲಿಟ್ಟ ದಾರಿ, ಅದರೊಳಗೆ ನುಗ್ಗಬೇಡಿ.) ನೀರು ಹರಿದು ಹೋಗಲೆಂದು ರಸ್ತೆಯನ್ನು ಅಂಚಿನ ಕಡೆ ಇಳಿಜಾರಾಗಿ ಮಾಡಿರುತ್ತಾರೆ. ನಾವು ಓಡಿಸುವುದು ಎಡಗಡೆ. ಹಾಗಾಗಿ ಕಾರು ಸ್ವಲ್ಪ ಎಡಕ್ಕೆ ಜಾರಿದರೆ ಅದು ದೋಷವಲ್ಲ. ಇನ್ನು 80ರ ಆಸುಪಾಸಿನಲ್ಲಿ ಸ್ಟೀರಿಂಗ್ ನಡುಗಿದರೆ ಅದು ಹೆಚ್ಚಾಗಿ ಬ್ಯಾಲೆನ್ಸಿಂಗ್ ಸಮಸ್ಯೆ, ಅಂದರೆ ಚಕ್ರದ ತೂಕ ಸುತ್ತಲೂ ಸಮ ಇಲ್ಲ. ಅಲೈನ್‌ಮೆಂಟ್ ಬೇರೆ, ಬ್ಯಾಲೆನ್ಸಿಂಗ್ ಬೇರೆ. ಅಂಗಡಿಯಲ್ಲಿ ಎರಡನ್ನೂ ಒಂದೇ ಉಸಿರಿಗೆ ಹೇಳುತ್ತಾರೆ, ಅಷ್ಟೇ.

ಏನನ್ನು ಸರಿ ಮಾಡುತ್ತಾರೆ?

ಅಳೆಯುವುದು ಮುಖ್ಯವಾಗಿ ಮೂರು: ಟೋ, ಕ್ಯಾಂಬರ್, ಕ್ಯಾಸ್ಟರ್. ಕ್ಯಾಂಬರ್ ಎಂದರೆ ಎದುರಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು. ಕ್ಯಾಸ್ಟರ್ ತಿಳಿಯಬೇಕಾದರೆ ಸೈಕಲ್ಲಿನ ಮುಂದಿನ ಫೋರ್ಕ್ ನೆನಪಿಸಿಕೊಳ್ಳಿ. ಅದು ನೆಟ್ಟಗಿರದೆ ಓರೆಯಾಗಿರುತ್ತದಲ್ವಾ, ಅಂಥದೇ ಓರೆ ಇದು. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನೇ ನೇರಕ್ಕೆ ಬರುವುದು ಇದರಿಂದ.

ಜೇಬಿಗೆ ಕತ್ತರಿ ಹಾಕುವುದು ಟೋ. ನಿಂತಲ್ಲೇ ನಿಮ್ಮ ಪಾದ ನೋಡಿಕೊಳ್ಳಿ. ಎರಡೂ ಹೆಬ್ಬೆರಳು ಒಳಕ್ಕೆ ತಿರುಗಿದ್ದರೆ ಟೋ ಇನ್, ಹೊರಕ್ಕೆ ತಿರುಗಿದ್ದರೆ ಟೋ ಔಟ್. ಚಕ್ಕಡಿ ನೇರ ಹೋಗುವಾಗ ಎರಡು ಎತ್ತುಗಳು ಒಂದೊಂದು ಕಡೆ ಜಗ್ಗಿದ ಹಾಗೆ, ಚಕ್ರಗಳೂ ಜಗ್ಗುತ್ತವೆ. ಒಂದು ಲೆಕ್ಕ ನೋಡಿ. ಮುಂದಿನ ಎರಡು ಚಕ್ರಗಳ ನಡುವಿನ ಅಂತರವನ್ನು ಚಕ್ರದ ಮುಂಬದಿಯಲ್ಲಿ ಒಮ್ಮೆ, ಹಿಂಬದಿಯಲ್ಲಿ ಒಮ್ಮೆ ಅಳೆದಾಗ ಇರಬೇಕಾದ್ದಕ್ಕಿಂತ 3 ಮಿ.ಮೀ. ಹೆಚ್ಚುಕಡಿಮೆ ಬಂತು ಅನ್ನಿ. ಸಣ್ಣ ಕಾರಿನ ಟೈರಿಗೆ ಅದು ಕಿಲೋಮೀಟರಿಗೆ ಸುಮಾರು 5 ಮೀಟರ್ ಅಡ್ಡಡ್ಡ ಉಜ್ಜಿದ್ದಕ್ಕೆ ಸಮ, ಎರಡೂ ಚಕ್ರಗಳ ಪಾಲು ಸೇರಿ. ಹುಬ್ಬಳ್ಳಿಯಿಂದ ಧಾರವಾಡ ಸುಮಾರು 20 ಕಿ.ಮೀ. ಮುಟ್ಟುವಷ್ಟರಲ್ಲಿ ಟೈರು ನೂರು ಮೀಟರ್ ಅಡ್ಡ ತೇಯ್ದಿರುತ್ತದೆ. ದಿನಾ ಹೋಗಿ ಬರುವವರು ಉಳಿದ ಲೆಕ್ಕ ತಾವೇ ಹಾಕಿಕೊಳ್ಳಲಿ.

ಅಂಗಡಿಯಲ್ಲಿ

ಗೋಕುಲ ರಸ್ತೆ, ಪಿ.ಬಿ. ರಸ್ತೆಯ ಕಡೆ ಟೈರ್ ಅಂಗಡಿಗಳಿಗೆ ಕೊರತೆಯಿಲ್ಲ. ಯಾವುದಕ್ಕೇ ಹೋಗಿ, ಮೊದಲ ಮಾತು ಇದಿರಲಿ: "ಮೊದಲ ಪ್ಲೇ ನೋಡ್ರಿ, ಆಮ್ಯಾಲೆ ಮಷಿನ್ ಹಚ್ಚರಿ."

ಪ್ಲೇ ಅಂದರೆ ಚಕ್ರದ ಕೀಲುಗಳಲ್ಲಿನ ಸಡಿಲ, ಆಟ. ಈ ಮಾತು ಕಲಿಯಲು ನಾನು ಎರಡು ಸಲ ದುಡ್ಡು ಕೊಟ್ಟಿದ್ದೇನೆ. ಒಂದು ಮಳೆಗಾಲದಲ್ಲಿ ಕಾರು ತಗ್ಗಿಗೆ ಬಿತ್ತು. ಹತ್ತಿರದ ಅಂಗಡಿಯಲ್ಲಿ ಹದಿನೈದು ನಿಮಿಷದಲ್ಲಿ ಅಲೈನ್‌ಮೆಂಟ್ ಮುಗಿಸಿ ಕಳಿಸಿದರು. ಎರಡು ತಿಂಗಳಲ್ಲಿ ಬಲಗಡೆಯ ಟೈರಿನ ಒಳ ಅಂಚು ಬೋಳು. ಇನ್ನೊಬ್ಬ ಮಿಸ್ತ್ರಿ ಕಾರು ಜ್ಯಾಕ್ ಮೇಲೆ ಎತ್ತಿ, ಚಕ್ರ ಹಿಡಿದು ಅಲ್ಲಾಡಿಸಿದ. "ಸರ, ಇದು ಹಾಲಹಲ್ಲು ಅಲ್ಲಾಡಿದಂಗ ಅಲ್ಲಾಡಾಕತ್ತೈತಿ. ಅಲೈನ್‌ಮೆಂಟ್ ಹೆಂಗ ನಿಲ್ಲತೈತಿ?" ಟೈ ರಾಡ್ ಎಂಡ್, ಅಂದರೆ ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ರಾಡಿನ ತುದಿಯ ಕೀಲು, ಹೋಗಿತ್ತು.

ನೀವೂ ಎದುರಿಗೇ ನಿಂತು ನೋಡಿ. ಚಕ್ರದ ಎಡ-ಬಲ ಹಿಡಿದು ಅಲ್ಲಾಡಿಸಿದಾಗ ಆಟ ಇದ್ದರೆ ಹೆಚ್ಚಾಗಿ ಟೈ ರಾಡ್ ಎಂಡ್ ಅಥವಾ ಸ್ಟೀರಿಂಗ್ ರ‍್ಯಾಕ್. ಮೇಲೆ-ಕೆಳಗೆ ಹಿಡಿದಾಗ ಆಟ ಇದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಜೋಡಣೆಗಳಲ್ಲಿರುವ ರಬ್ಬರ್ ಬುಷ್ ಕೂಡ ನೋಡಿಸಿ. ಲೂಸ್ ಇರುವುದನ್ನು ಬದಲಿಸದೆ ಮುಂದೆ ಹೋಗಬೇಡಿ.

ಆಮೇಲಿನದು ಮಷಿನ್ ಕೆಲಸ. ತ್ರೀಡಿ ಮಷಿನ್ ಆದರೆ ನಾಲ್ಕೂ ಚಕ್ರಗಳಿಗೆ ಫಲಕ ಸಿಕ್ಕಿಸುತ್ತಾರೆ, ಎದುರಿನ ಕ್ಯಾಮೆರಾ ಅವನ್ನು ಓದುತ್ತದೆ. ಕಾರನ್ನು ತುಸು ಹಿಂದೆ-ಮುಂದೆ ತಳ್ಳುತ್ತಾರೆ. ರಿಮ್ಮಿನ ಓರೆಕೋರೆ ಲೆಕ್ಕಕ್ಕೆ ಬಾರದಿರಲಿ ಎಂದು. ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ಕ್ಯಾಸ್ಟರ್ ಅಳೆಯುತ್ತಾರೆ. ಕೊನೆಗೆ ಸ್ಟೀರಿಂಗ್ ನೇರ ನಿಲ್ಲಿಸಿ, ಅಲ್ಲಾಡದಂತೆ ಬಿಗಿದು, ಕೆಳಗೆ ಟೈ ರಾಡಿನ ಲಾಕ್ ನಟ್ ಸಡಿಲಿಸಿ ರಾಡ್ ತಿರುಗಿಸುತ್ತಾರೆ. ಎರಡೂ ಕಡೆಯ ರಾಡ್ ನೋಡಬೇಕು. ಒಂದೇ ಕಡೆ ತಿರುಗಿಸಿ ಲೆಕ್ಕ ಕೂಡಿಸಿದರೆ ಟೋ ಸರಿಯಾಗಬಹುದು, ಸ್ಟೀರಿಂಗ್ ಓರೆಯಾಗಿಯೇ ಉಳಿಯುತ್ತದೆ. ಲಾಕ್ ನಟ್ ಮತ್ತೆ ಬಿಗಿದರೋ ಇಲ್ಲವೋ ಕೇಳಲು ಸಂಕೋಚ ಬೇಡ.

ಚೀಟಿ ಕೇಳಿ ಪಡೆಯಿರಿ

ಕೆಲಸಕ್ಕೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು, ಎರಡೂ ಇರುವ ಪ್ರಿಂಟ್ ತೆಗೆದುಕೊಳ್ಳಿ. ಕೆಂಪು ಇದ್ದರೆ ಅಳತೆ ಮಿತಿಯ ಹೊರಗೆ, ಹಸಿರು ಇದ್ದರೆ ಒಳಗೆ. ಅಂಕಿ ಡಿಗ್ರಿ ಮತ್ತು ಮಿನಿಟ್‌ನಲ್ಲಿದ್ದರೆ ನೆನಪಿಡಿ, 60 ಮಿನಿಟ್ ಸೇರಿದರೆ ಒಂದು ಡಿಗ್ರಿ. ನಿಮ್ಮ ಕಾರಿನ ಮಾಡೆಲ್ಲೇ ಮಷಿನ್‌ನಲ್ಲಿ ಆರಿಸಿದ್ದಾರಾ ಎಂದು ಚೀಟಿಯ ಮೇಲ್ಭಾಗದಲ್ಲಿ ನೋಡಿ. ಬೇರೆ ಕಾರಿನ ಅಳತೆಗೆ ಹಸಿರು ಬಂದು ಉಪಯೋಗವಿಲ್ಲ.

ಎಲ್ಲವೂ ಹಸಿರಾಗಲೇಬೇಕೆಂದು ಹಟ ಮಾಡಬೇಡಿ. ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಸುಲಭವಾಗಿ ತಿರುಗಿಸಿ ಸರಿ ಮಾಡಬಹುದಾದ್ದು ಮುಂದಿನ ಟೋ ಮಾತ್ರ. ಕ್ಯಾಂಬರ್, ಕ್ಯಾಸ್ಟರ್ ಕೆಂಪಾಗಿದ್ದರೆ ಏನೋ ಬಾಗಿದೆ ಅಥವಾ ಬುಷ್ ಹೋಗಿದೆ. ಅದನ್ನು ಹುಡುಕಿಸಿ. ಜ್ಯಾಕ್ ಒತ್ತಿ ಬಗ್ಗಿಸಿ ಸರಿ ಮಾಡುತ್ತೇವೆ ಎಂದರೆ ನಾನಂತೂ ಒಪ್ಪುವುದಿಲ್ಲ.

ದುಡ್ಡು ಕೊಡುವ ಮೊದಲು ಒಂದು ಸುತ್ತು ಓಡಿಸಿ ನೋಡಿ. ಸ್ಟೀರಿಂಗ್ ಓರೆ ಇದ್ದರೆ ಅಲ್ಲಿಂದಲೇ ವಾಪಸ್. ಸ್ಟೀರಿಂಗ್ ನೇರ ಇದೆ, ಚೀಟಿ ಹಸಿರಿದೆ, ಆದರೂ ಎಳೆಯುತ್ತಿದೆ ಎಂದರೆ ಮುಂದಿನ ಎರಡು ಟೈರುಗಳನ್ನು ಅದಲುಬದಲು ಮಾಡಿಸಿ. ಒಂದೇ ದಿಕ್ಕಿಗೆ ತಿರುಗಬೇಕೆಂದು ಬಾಣದ ಗುರುತಿರುವ ಟೈರಿಗೆ ಮಾತ್ರ ಇದು ಆಗುವುದಿಲ್ಲ. ಎಳೆತ ಇನ್ನೊಂದು ಕಡೆಗೆ ಬದಲಾದರೆ ದೋಷ ಟೈರಿನದೇ. ಬದಲಾಗದಿದ್ದರೆ ಬ್ರೇಕ್ ಹಿಡಿದುಕೊಂಡಿದೆಯಾ ನೋಡಿಸಿ.

ಚೀಟಿಯ ಹಿಂದೆ ಅವತ್ತಿನ ಕಿಲೋಮೀಟರ್ ಬರೆದು ಡ್ಯಾಶ್‌ಬೋರ್ಡಿನಲ್ಲಿಡಿ. ಸಾಮಾನ್ಯವಾಗಿ 5,000ದಿಂದ 10,000 ಕಿ.ಮೀ.ಗೆ ಒಮ್ಮೆ ಸಾಕು. ಹೊಸ ಟೈರು ಹಾಕಿಸಿದಾಗ, ಟೈ ರಾಡ್ ಬದಲಿಸಿದಾಗ, ದೊಡ್ಡ ತಗ್ಗಿಗೆ ಬಿದ್ದಾಗ ಆ ಲೆಕ್ಕ ಬಿಟ್ಟು ಕೂಡಲೇ ತೋರಿಸಿ.