ಮಳೆಗೆ ಮೊದಲೇ ಊರಿನ ವಿಪತ್ತು ಯೋಜನೆ ಮಾಡಿಕೊಳ್ಳುವುದು ಹೇಗೆ?

2024ರ ಆಗಸ್ಟ್ 7ರ ನಡುರಾತ್ರಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆ ಕುಸಿಯಿತು. ಅದರ ಮೇಲಿದ್ದ ಲಾರಿ ನದಿಗೆ ಬಿತ್ತು. ಚಾಲಕ ಬದುಕಿದ. ಅವನನ್ನು ದಡಕ್ಕೆ ತಂದವರು ಅಲ್ಲಿನ ಮೀನುಗಾರರು ಮತ್ತು ಪೊಲೀಸರು.

ಅದಕ್ಕೆ ಮೂರು ವಾರ ಮೊದಲು, ಜುಲೈ 16ರ ಬೆಳಿಗ್ಗೆ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜರಿದಿತ್ತು. 11 ಜನರನ್ನು ಕಳೆದುಕೊಂಡೆವು. ಮಣ್ಣು ಗಂಗಾವಳಿ ನದಿಗೆ ನುಗ್ಗಿದ ರಭಸಕ್ಕೆ ಎದುರು ದಡದ ಉಳುವರೆಯ ಮನೆಗಳಿಗೂ ನೀರು ಅಪ್ಪಳಿಸಿತು. ಕೇಂದ್ರ ಮತ್ತು ರಾಜ್ಯದ ವಿಪತ್ತು ಪಡೆಗಳಾದ ಎನ್‌ಡಿಆರ್‌ಎಫ್, ಎಸ್‌ಡಿಆರ್‌ಎಫ್, ಸೇನೆ, ನೌಕಾಪಡೆಯ ಮುಳುಗುಗಾರರು ಎಲ್ಲರೂ ಬಂದರು. ಆದರೂ ಅಲ್ಲಿ ಮಣ್ಣಿನೊಂದಿಗೆ ನದಿಯ ತಳ ಸೇರಿದ್ದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, ಗೋವಾದಿಂದ ಹೂಳೆತ್ತುವ ಡ್ರೆಜ್ಜರ್ ತಂದ ಮೇಲೆ.

ದೊಡ್ಡ ಪಡೆಗಳ ಕೆಲಸ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವು ಬರುವವರೆಗಿನ ಮೊದಲ ಕೆಲವು ಗಂಟೆ ಊರಿನವರದ್ದೇ. ಆ ಗಂಟೆಗಳಲ್ಲಿ ಯಾರು ಏನು ಮಾಡಬೇಕು ಎಂದು ಏಪ್ರಿಲ್ ಕೊನೆಯೊಳಗೆ ಕೂತು ಬರೆದಿಡಬೇಕು. ಜೂನ್‌ವರೆಗೆ ಕಾಯಬೇಡಿ. 2021ರಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಗೆ ಬಂದಿದ್ದು ಮೇ ತಿಂಗಳಲ್ಲಿ. ಪಂಚಾಯಿತಿ ಸದಸ್ಯರು, ಯುವಕ ಮಂಡಳ, ಸ್ವಸಹಾಯ ಸಂಘದವರು, ಯಾರು ಬೇಕಾದರೂ ಈ ಕೆಲಸಕ್ಕೆ ಮೊದಲ ಹೆಜ್ಜೆ ಇಡಬಹುದು.

ಮೊದಲು, ಯಾರ ಮೇಲೆ ಯಾರು ಎಂದು ತಿಳಿಯಿರಿ

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರ ಇದೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಪೊಲೀಸ್ ವರಿಷ್ಠಾಧಿಕಾರಿ, ಜಿಲ್ಲೆಯ ಮುಖ್ಯ ಆರೋಗ್ಯಾಧಿಕಾರಿ ಅದರಲ್ಲಿ ಇರುತ್ತಾರೆ. ಅವರ ಕೆಳಗೆ ಉಪವಿಭಾಗಾಧಿಕಾರಿ, ಅಂದರೆ ನಾವು ಎಸಿ ಎನ್ನುವವರು. ಅವರ ಕೆಳಗೆ ತಹಶೀಲ್ದಾರ್. ಊರಿನ ಮಟ್ಟದಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮತ್ತು ಗ್ರಾಮ ಆಡಳಿತ ಅಧಿಕಾರಿ. ಕಾರವಾರ, ಶಿರಸಿಯಂಥ ಪೇಟೆಗಳಲ್ಲಿ ಪಿಡಿಒ ಜಾಗದಲ್ಲಿ ನಗರಸಭೆಯ ಪೌರಾಯುಕ್ತರು.

ಅಗ್ನಿಶಾಮಕ ದಳ, ಹೆಸ್ಕಾಂ (ವಿದ್ಯುತ್ ಕಂಪನಿ), ಅರಣ್ಯ, ಲೋಕೋಪಯೋಗಿ, ಆರೋಗ್ಯ, ಮೀನುಗಾರಿಕೆ ಇಲಾಖೆಗಳಿಗೆ ಅವರವರದೇ ಮೇಲಧಿಕಾರಿಗಳಿದ್ದಾರೆ. ತೊಂದರೆ ಆಗುವುದೇ ಇಲ್ಲಿ. ರಸ್ತೆಗೆ ಮರ ಬಿದ್ದರೆ ಅದನ್ನು ಕಡಿಯಬೇಕಾದವರು ಒಂದು ಇಲಾಖೆ, ಅದರ ಮೇಲಿನ ತಂತಿ ತೆಗೆಯಬೇಕಾದವರು ಇನ್ನೊಂದು, ರಸ್ತೆ ಮೂರನೆಯವರದ್ದು. ತಂತಿಯಲ್ಲಿ ಕರೆಂಟು ಇಲ್ಲ ಎಂದು ಹೆಸ್ಕಾಂನವರು ಹೇಳುವವರೆಗೆ ಯಾರೂ ಗರಗಸ ಹಾಕುವಂತಿಲ್ಲ. ಹಾಗಾಗಿ ವಿಪತ್ತಿನ ಹೊತ್ತಿನಲ್ಲಿ ಸ್ಥಳದಲ್ಲಿ ಒಬ್ಬರೇ ಆದೇಶ ಕೊಡಬೇಕು ಎಂಬ ಪದ್ಧತಿ ಇದೆ. ತಾಲ್ಲೂಕಿನಲ್ಲಿ ಅದು ಸಾಮಾನ್ಯವಾಗಿ ತಹಶೀಲ್ದಾರ್. ನಿಮ್ಮ ಊರಿನ ಸುದ್ದಿ ಅವರಿಗೆ ಒಂದೇ ಬಾಯಿಂದ ಹೋಗಬೇಕು. ಹತ್ತು ಜನ ಹತ್ತು ಕಡೆ ಫೋನ್ ಮಾಡಿದರೆ ಒಂದೇ ಮನೆ ಬಿದ್ದಿದ್ದು ಹತ್ತು ಮನೆಯಾಗಿ ಲೆಕ್ಕಕ್ಕೆ ಬರುತ್ತದೆ. ನಿಜವಾಗಿ ಬಿದ್ದ ಇನ್ನೊಂದು ಮನೆ ಬಿಟ್ಟೇ ಹೋಗುತ್ತದೆ.

ಫೋನ್ ಪಟ್ಟಿ ಮಾಡುವಾಗ ಅಧಿಕಾರಿಯ ಹೆಸರಿಗಿಂತ ಹುದ್ದೆ ಮುಖ್ಯ. ಹೆಸರು ವರ್ಗಾವಣೆಯಾಗಿ ಹೋಗುತ್ತದೆ, ಹುದ್ದೆ ಇರುತ್ತದೆ. ಪಟ್ಟಿಯ ತಲೆಗೆ ಇವು ಇರಲಿ: ಪೊಲೀಸ್, ಅಗ್ನಿಶಾಮಕ ಯಾವುದಕ್ಕಾದರೂ 112, ಆಂಬುಲೆನ್ಸ್‌ಗೆ 108, ಜಿಲ್ಲಾ ಕಂಟ್ರೋಲ್ ರೂಮ್ 1077, ವಿದ್ಯುತ್ತಿಗೆ 1912, ಕರಾವಳಿ ಕಾವಲು ಪೊಲೀಸ್ 1093, ಸಮುದ್ರದಲ್ಲಿ ಸಿಕ್ಕಿಕೊಂಡವರಿಗಾಗಿ ಕೋಸ್ಟ್ ಗಾರ್ಡ್ 1554.

ಎರಡನೆಯದು, ಅಪಾಯದ ನಕ್ಷೆ

ಇದಕ್ಕೆ ಜಾಸ್ತಿ ಹೊತ್ತು ಕೊಡಿ. ದೊಡ್ಡ ಹಾಳೆಯ ಮೇಲೆ ಊರಿನ ಕೇರಿಗಳು, ಹಳ್ಳ, ಕಾಲುಸಂಕ (ನಡೆದು ದಾಟುವ ಕಿರುಸೇತುವೆ), ಗುಡ್ಡ, ರಸ್ತೆ ಬರೆಯಿರಿ. ಬರೆಯುವಾಗ ಹಿರಿಯರನ್ನು ಕೂರಿಸಿಕೊಳ್ಳಿ. ಯಾವ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಎನ್ನುವುದು ಅವರಿಗೆ ಗೊತ್ತಿರುತ್ತದೆ.

ನಮ್ಮ ಜಿಲ್ಲೆಯ ನದಿಗಳು ಒಂದೇ ರೀತಿ ಏರುವುದಿಲ್ಲ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪ ಇವೆ. ಇವುಗಳ ದಂಡೆಯವರಿಗೆ ಮಳೆ ನಿಂತ ಮೇಲೂ ನೀರು ಬರಬಹುದು. 2019 ಮತ್ತು 2021ರಲ್ಲಿ ಕದ್ರಾದಿಂದ ಬಿಟ್ಟ ನೀರು ಕೆಳಗಿನ ಊರುಗಳಿಗೆ ನುಗ್ಗಿದ್ದು ನೆನಪಿದೆ ಅಲ್ವಾ? ಹಾಗಾಗಿ ಅಲ್ಲಿನ ಯೋಜನೆಯಲ್ಲಿ ಜಲಾಶಯದ ಪ್ರಕಟಣೆಯನ್ನು ಯಾರು ಗಮನಿಸುತ್ತಾರೆ, ಎಷ್ಟು ಹೊತ್ತಿನಲ್ಲಿ ಕೇರಿಗೆ ತಲುಪಿಸುತ್ತಾರೆ ಎಂಬುದೇ ಮೊದಲ ಸಾಲು. ಅಘನಾಶಿನಿಗೆ ಅಂಥ ಅಣೆಕಟ್ಟಿಲ್ಲ. ಶಿರಸಿ, ಸಿದ್ದಾಪುರದ ಘಟ್ಟದಲ್ಲಿ ಸುರಿದ ಮಳೆ ನೇರ ಕುಮಟಾಕ್ಕೆ ಇಳಿಯುತ್ತದೆ. ಇಲ್ಲಿಯವರು ಮೇಲಿನ ಊರಿನ ಪಂಚಾಯಿತಿಯೊಂದಿಗೆ ಫೋನ್ ಸಂಪರ್ಕ ಇಟ್ಟುಕೊಂಡರೆ ಕೆಲವು ಗಂಟೆಗಳ ಮುನ್ಸೂಚನೆ ಸಿಗುತ್ತದೆ. ಇದಕ್ಕೆ ಖರ್ಚು ಏನೂ ಇಲ್ಲ. ಅಳಿವೆಯ ಹತ್ತಿರದವರು ಭರತದ, ಅಂದರೆ ಕಡಲಿನ ಉಬ್ಬರದ, ಹೊತ್ತನ್ನೂ ಬರೆದಿಟ್ಟುಕೊಳ್ಳಿ. ಹುಣ್ಣಿಮೆ, ಅಮಾವಾಸ್ಯೆಯ ಭರತ ಮತ್ತು ನೆರೆ ಒಟ್ಟಿಗೆ ಬಂದರೆ ನೀರು ಕಡಲಿಗೆ ಇಳಿಯದೆ ಗಜನಿಯಲ್ಲೇ (ಅಳಿವೆ ಬದಿಯ ತಗ್ಗು ಗದ್ದೆಯಲ್ಲೇ) ನಿಲ್ಲುತ್ತದೆ.

ನಂತರ ಗುಡ್ಡ. 2009ರಲ್ಲಿ ಕಾರವಾರದ ಕಡವಾಡ, 2021ರಲ್ಲಿ ಯಲ್ಲಾಪುರದ ಕಳಚೆ, 2022ರಲ್ಲಿ ಭಟ್ಕಳದ ಮುಟ್ಟಳ್ಳಿ, 2024ರಲ್ಲಿ ಶಿರೂರು, ಎಲ್ಲ ಕಡೆ ಗುಡ್ಡ ಜರಿದಿತ್ತು. ಮನೆಗೆ, ರಸ್ತೆಗೆ ಎಂದು ನೆಟ್ಟಗೆ ಕಡಿದ ಧರೆಗಳನ್ನೆಲ್ಲ ನಕ್ಷೆಯಲ್ಲಿ ಕೆಂಪು ಬಣ್ಣದಲ್ಲಿ ಗುರುತು ಮಾಡಿ. ಮೇಲೆ ಜಂಬಿಟ್ಟಿಗೆ, ಕೆಳಗೆ ಜೇಡಿಮಣ್ಣು ಇರುವ ಕಡೆ ನೀರು ಇಂಗಿ ಮಣ್ಣು ಭಾರವಾಗುತ್ತದೆ. ಬುಡ ಕಡಿದಿದ್ದರೆ ತಡೆಯುವುದಕ್ಕೆ ಏನೂ ಇರುವುದಿಲ್ಲ. ಗುಡ್ಡದ ತಲೆಯ ಮೇಲೆ ಬಿರುಕು, ಇದ್ದಕ್ಕಿದ್ದಂತೆ ವಾಲಿದ ಮರ, ಹೊಸದಾಗಿ ಒಸರುವ ಕೆಂಪು ನೀರು, ಸಲೀಸಾಗಿ ಹಾಕುತ್ತಿದ್ದ ಬಾಗಿಲು ಬಿಗಿಯಾಗುವುದು: ಇವುಗಳಲ್ಲಿ ಒಂದು ಕಂಡರೂ ಅಂದೇ ಮನೆ ಬಿಡಬೇಕು. ಬೆಳಗಾಗಲಿ ನೋಡೋಣ ಎನ್ನುವ ಮಾತು ಬೇಡ.

ಮೂರನೆಯದು, ಜನರ ಪಟ್ಟಿ

ಯಾರಿಗೆ ಓಡಲು ಆಗುವುದಿಲ್ಲ? ಹಾಸಿಗೆ ಹಿಡಿದವರು, ತುಂಬು ಗರ್ಭಿಣಿಯರು, ಒಂಟಿ ಮುದುಕರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು. ಈ ಮಾಹಿತಿ ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಟೀಚರ್ ಹತ್ತಿರ ಇರುತ್ತದೆ. ಅವರಿಲ್ಲದೆ ಸಭೆ ಮಾಡಿದರೆ ಅರ್ಧ ಯೋಜನೆ ಹೋಯಿತು ಎಂದೇ ಲೆಕ್ಕ. ಪ್ರತಿಯೊಬ್ಬರ ಹೆಸರಿನ ಮುಂದೆ ಅವರನ್ನು ಎತ್ತಿಕೊಂಡು ಬರುವ ಇಬ್ಬರ ಹೆಸರು ಬರೆಯಿರಿ. ಒಬ್ಬರು ಊರಲ್ಲಿ ಇಲ್ಲದಿದ್ದರೆ ಇನ್ನೊಬ್ಬರು.

ನಮ್ಮ ಜಿಲ್ಲೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇಲ್ಲ. ಗಂಭೀರ ಪೆಟ್ಟಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಹೋಗಬೇಕು. ಮಳೆಗಾಲದಲ್ಲಿ ದೇವಿಮನೆ ಘಟ್ಟ, ಅರಬೈಲ್ ಘಟ್ಟ ಯಾವಾಗ ಬಂದ್ ಆಗುತ್ತವೆ ಹೇಳಲು ಬರುವುದಿಲ್ಲ. ಹೆರಿಗೆ ದಿನ ಹತ್ತಿರ ಇರುವವರನ್ನು ದೊಡ್ಡ ಮಳೆಯ ಮುನ್ಸೂಚನೆ ಬಂದ ಕೂಡಲೇ ಆಸ್ಪತ್ರೆ ಇರುವ ಊರಿಗೆ ಕಳಿಸಿಬಿಡುವುದು ಒಳ್ಳೆಯದು.

ಇನ್ನೊಂದು ಪಟ್ಟಿ ಸಾಮಾನಿನದು. ಯಾರ ಹತ್ತಿರ ದೋಣಿ ಇದೆ, ಜೆಸಿಬಿ ಇದೆ, ಮರ ಕೊಯ್ಯುವ ಯಂತ್ರ, ಜನರೇಟರ್, ಜೀಪು, ದಪ್ಪ ಹಗ್ಗ ಇದೆ? ಆಪದ್ ಮಿತ್ರ (ವಿಪತ್ತಿನ ಸ್ವಯಂಸೇವಕ) ತರಬೇತಿ ಪಡೆದವರು, ಹೋಮ್ ಗಾರ್ಡ್‌ಗಳು, ಈಜು ಬಲ್ಲವರು ಯಾರು? ತುರ್ತಿನಲ್ಲಿ ವಾಹನವನ್ನೋ ಕಟ್ಟಡವನ್ನೋ ವಶಕ್ಕೆ ಪಡೆಯುವ ಅಧಿಕಾರ ಕಾಯ್ದೆಯಲ್ಲಿದೆ. ಅದಕ್ಕೆ ಹಣ ಕೊಡಬೇಕೆಂದೂ ಇದೆ. ಮಾಲೀಕರೊಂದಿಗೆ ಮೊದಲೇ ಮಾತಾಡಿಟ್ಟುಕೊಂಡರೆ ಆ ಹೊತ್ತಿನಲ್ಲಿ ಎಳೆದಾಟ ಇರುವುದಿಲ್ಲ.

ನಾಲ್ಕನೆಯದು, ಕಾಳಜಿ ಕೇಂದ್ರ

ಮನೆ ಬಿಟ್ಟು ಬಂದವರು ಉಳಿಯುವ ಕಾಳಜಿ ಕೇಂದ್ರ ಹೆಚ್ಚಿನ ಕಡೆ ಶಾಲೆಯೇ. ಬೀಗದ ಕೈ ಇಬ್ಬರ ಹತ್ತಿರ ಇರಲಿ, ಅವರಲ್ಲಿ ಒಬ್ಬರು ಶಾಲೆಯ ಹತ್ತಿರವೇ ಇರುವವರಾಗಲಿ. ಆ ಶಾಲೆ ನೆರೆ ಬರುವ ಜಾಗದಲ್ಲಿ ಇಲ್ಲ, ಅದರ ಹಿಂದೆ ಧರೆ ಇಲ್ಲ ಎಂದು ಕಣ್ಣಾರೆ ನೋಡಿ. ಹೆಂಗಸರಿಗೆ ಬೇರೆ ಕೋಣೆ, ನೀರು ಬರುವ ಶೌಚಾಲಯ, ಗ್ಯಾಸ್, ಅಕ್ಕಿ, ಮಕ್ಕಳಿಗೆ ಹಾಲಿನ ಪುಡಿ, ದಿನಾ ಬೇಕಾಗುವ ಬಿಪಿ, ಸಕ್ಕರೆ ಕಾಯಿಲೆ ಮಾತ್ರೆ ಇರಬೇಕು.

ಜನ ಮನೆ ಬಿಟ್ಟು ಬರುವುದಿಲ್ಲ ಎಂದು ಅಧಿಕಾರಿಗಳು ಬೇಸರ ಮಾಡಿಕೊಳ್ಳುತ್ತಾರೆ. ಹೆಚ್ಚಿನ ಮನೆಗಳಲ್ಲಿ ಅದಕ್ಕೆ ಕಾರಣ ಕೊಟ್ಟಿಗೆಯಲ್ಲಿರುತ್ತದೆ. "ದನ ಬಿಟ್ಕಂಡು ಎಲ್ಲಿಗೆ ಬರೂದು ತಮಾ?" ಎಂದು ಅಜ್ಜಿ ಕೇಳಿದರೆ ಅದು ಹಟ ಅಲ್ಲ, ಅವಳ ಬದುಕಿನ ಪ್ರಶ್ನೆ. ಕಾಳಜಿ ಕೇಂದ್ರದ ಹತ್ತಿರ ದನ ಕಟ್ಟಲು ಎತ್ತರದ ಜಾಗ, ಎರಡು ದಿನದ ಹುಲ್ಲು ಇದೆ ಎಂದು ಮೊದಲೇ ಹೇಳಿದರೆ ಅರ್ಧ ಜನ ತಾವಾಗಿಯೇ ಬರುತ್ತಾರೆ. ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಎಲ್ಲಕ್ಕಿಂತ ಕಡಿಮೆ ಖರ್ಚಿನ, ಎಲ್ಲಕ್ಕಿಂತ ಜಾಸ್ತಿ ಉಪಯೋಗದ ಸಾಲು ಇದು.

ಐದನೆಯದು, ಎಚ್ಚರಿಕೆಯನ್ನು ಕೆಲಸವಾಗಿ ಬದಲಿಸಿ

ಹವಾಮಾನ ಇಲಾಖೆಯ ಬಣ್ಣಗಳು ಟಿವಿಯಲ್ಲಿ ದಿನಾ ಬರುತ್ತವೆ. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಮಳೆಯ ಸಾಧ್ಯತೆಗೆ ಸಾಮಾನ್ಯವಾಗಿ ಹಳದಿ, 204.4ರವರೆಗೆ ಕಿತ್ತಳೆ, ಅದಕ್ಕಿಂತ ಹೆಚ್ಚಿಗೆ ಕೆಂಪು. ಆದರೆ ಬಣ್ಣ ಬಂದಾಗ ಏನು ಮಾಡಬೇಕೆಂದು ಊರು ತೀರ್ಮಾನಿಸದಿದ್ದರೆ ಅದು ಸುಮ್ನೆ ಬಣ್ಣ. ಹೀಗೆ ಬರೆದಿಡಿ: ಹಳದಿಗೆ ಚರಂಡಿ, ಕಾಲುಸಂಕ ನೋಡಿ ಬರುವುದು. ಕಿತ್ತಳೆಗೆ ಶಾಲೆಯ ಬೀಗ ತೆಗೆದು ಸಿದ್ಧ ಮಾಡುವುದು, ದೋಣಿ ಮಾಲೀಕರಿಗೆ ಹೇಳುವುದು. ಕೆಂಪಿಗೆ ನಕ್ಷೆಯಲ್ಲಿ ಕೆಂಪು ಗುರುತು ಇರುವ ಮನೆಗಳವರನ್ನು ಕತ್ತಲಾಗುವ ಮೊದಲು ಸಾಗಿಸುವುದು.

ಜಿಲ್ಲೆಯ ಬಣ್ಣ ಇಡೀ ಜಿಲ್ಲೆಗೆ. ನಿಮ್ಮ ಹೋಬಳಿಯ ಸುದ್ದಿ ಬೇಕಾದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಕೇಳಿ. ಪಂಚಾಯಿತಿ ಮಟ್ಟದ ಮಳೆಮಾಪಕಗಳ ಲೆಕ್ಕ ಅವರ ಹತ್ತಿರ ಇರುತ್ತದೆ. ಮೊಬೈಲ್‌ಗೆ ವಿಪತ್ತಿನ ಎಚ್ಚರಿಕೆ ಕೊಡುವ ಸಚೇತ್ ಆ್ಯಪ್ ಹಾಕಿಕೊಳ್ಳಿ.

ಆದರೆ ಮೊಬೈಲ್ ಒಂದನ್ನೇ ನಂಬಬೇಡಿ. ಕರೆಂಟು ಹೋಗಿ ಕೆಲವು ಗಂಟೆ ಆದರೆ ಟವರ್‌ನ ಬ್ಯಾಟರಿಯೂ ಮುಗಿಯುತ್ತದೆ. ಜೋಯಿಡಾದವರಿಗೆ, ಘಟ್ಟದ ಅಂಚಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ದೇವಸ್ಥಾನದ ಗಂಟೆ, ಮಸೀದಿಯ ಮೈಕು, ಚರ್ಚಿನ ಗಂಟೆ, ಪಂಚಾಯಿತಿ ಜೀಪಿನ ಮೈಕು: ಯಾವ ಸದ್ದು ಬಂದರೆ ಏನರ್ಥ ಎಂದು ಎಲ್ಲರಿಗೂ ಗೊತ್ತಿರಲಿ. ಪೊಲೀಸ್ ಠಾಣೆ, ಅರಣ್ಯ ಇಲಾಖೆಯ ವೈರ್‌ಲೆಸ್ ಹತ್ತಿರದಲ್ಲಿ ಎಲ್ಲಿದೆ, ಅಲ್ಲಿಗೆ ಬೈಕಿನಲ್ಲಿ ಹೋಗುವವರು ಯಾರು, ಅದನ್ನೂ ಬರೆಯಿರಿ.

ಆರನೆಯದು, ಆದ ಮೇಲಿನ ಮೊದಲ ಗಂಟೆ

ಒಬ್ಬರು ಫೋನ್ ಮಾಡುವವರು, ಒಬ್ಬರು ಬರೆದುಕೊಳ್ಳುವವರು, ಒಬ್ಬರು ಜನರನ್ನು ತಡೆಯುವವರು. ಉಳಿದವರು ಕೆಲಸಕ್ಕೆ. ಫೋನಿನಲ್ಲಿ ಹೀಗೆ ಹೇಳಿ: "ದೇವಸ್ಥಾನದ ಕೆಳಗಿನ ಕೇರಿಯಲ್ಲಿ ಗುಡ್ಡ ಜರಿದಿದೆ. ಎರಡು ಮನೆ. ಐದು ಜನ ಒಳಗಿದ್ದಾರೆ, ಒಬ್ಬರು ಮಾತಾಡುತ್ತಿದ್ದಾರೆ. ಹೊಳೆ ಬದಿಯ ರಸ್ತೆ ಬಂದ್, ಶಾಲೆ ರಸ್ತೆ ಸರಿ ಇದೆ. ಆಂಬುಲೆನ್ಸ್, ಜೆಸಿಬಿ ಬೇಕು. ಮಳೆ ಬರುತ್ತಿದೆ." ಇಷ್ಟು ಸಾಕು. ಯಾವ ರಸ್ತೆ ತೆರೆದಿದೆ ಎಂಬ ಒಂದು ಮಾತು ಆಂಬುಲೆನ್ಸಿಗೆ ಅರ್ಧ ಗಂಟೆ ಉಳಿಸಬಲ್ಲದು.

ಮಣ್ಣು ಜರಿದ ಜಾಗಕ್ಕೆ ಎಲ್ಲರೂ ನುಗ್ಗಬೇಡಿ. ಮೇಲಿನ ಮಣ್ಣು ಮತ್ತೆ ಜರಿಯಬಹುದು. ಒಬ್ಬರು ಗುಡ್ಡವನ್ನೇ ನೋಡುತ್ತ ಸೀಟಿ ಹಿಡಿದು ನಿಲ್ಲಲಿ. ಒಳಗೆ ಯಾರಾದರೂ ಕೂಗುತ್ತಾರೋ ಕೇಳಲು ಆಗಾಗ ಎಲ್ಲರೂ ಸುಮ್ಮನಿರಬೇಕು. ಜೆಸಿಬಿ ಕೂಡ ಆ ಹೊತ್ತಿಗೆ ನಿಲ್ಲಬೇಕು. ಗ್ಯಾಸ್ ವಾಸನೆ ಬಂದರೆ ಬೀಡಿ, ಸ್ವಿಚ್ಚು ಯಾವುದೂ ಬೇಡ. ರಕ್ಷಣಾ ತಂಡ ಬಂದ ಕೂಡಲೇ ಬರೆದಿಟ್ಟ ಪಟ್ಟಿ ಮತ್ತು ನಕ್ಷೆಯನ್ನು ಅವರ ಕೈಗೆ ಕೊಡಿ. ಯಾವ ಮನೆಯಲ್ಲಿ ಎಷ್ಟು ಜನ, ಮಲಗುವ ಕೋಣೆ ಯಾವ ಕಡೆ ಎಂದು ಹೇಳಬಲ್ಲವರು ಊರಿನವರು ಮಾತ್ರ.

ಕೊನೆಗೆ, ಕಾಗದಪತ್ರ

ಮನೆ ಸ್ವಚ್ಛ ಮಾಡುವ ಮೊದಲು ಫೋಟೊ ತೆಗೆಯಿರಿ. ಗ್ರಾಮ ಆಡಳಿತ ಅಧಿಕಾರಿ ಬಂದು ಪಂಚನಾಮೆ ಮಾಡಬೇಕು. ಮನೆಗೆ ಎಂಜಿನಿಯರ್ ವರದಿ, ಸತ್ತ ದನಕ್ಕೆ ಪಶುವೈದ್ಯರ ಮರಣೋತ್ತರ ವರದಿ, ದೋಣಿ, ಬಲೆಗೆ ಮೀನುಗಾರಿಕೆ ಇಲಾಖೆ, ಅಡಿಕೆ ತೋಟಕ್ಕೆ ತೋಟಗಾರಿಕೆ ಇಲಾಖೆ. ಜೀವಹಾನಿಯಾದರೆ ವಿಪತ್ತು ಪರಿಹಾರ ನಿಧಿಯ ನಿಯಮದಂತೆ ಕುಟುಂಬಕ್ಕೆ 4 ಲಕ್ಷ ರೂಪಾಯಿ ಸಿಗುತ್ತದೆ. ಪಹಣಿ, ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್ಕಿನ ಪ್ರತಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಗಿಲ ಹತ್ತಿರ ನೇತುಹಾಕಿಡಿ.

ಈ ಫೈಲನ್ನು ಸೆಪ್ಟೆಂಬರ್‌ಗೆ ಮುಚ್ಚಬೇಡಿ. ಕಡವಾಡದ ಗುಡ್ಡ ಜರಿದಿದ್ದು ಅಕ್ಟೋಬರ್‌ನಲ್ಲಿ. 2019ರಲ್ಲಿ ಕ್ಯಾರ್ ಚಂಡಮಾರುತ ಎದ್ದಿದ್ದೂ ಅಕ್ಟೋಬರ್‌ನಲ್ಲೇ. ನವೆಂಬರ್ ಕಳೆದ ಮೇಲೆ ಗ್ರಾಮಸಭೆಯಲ್ಲಿ ಅದನ್ನು ತೆರೆದು ಓದಿ. ಯಾವ ಫೋನ್ ತಾಗಲಿಲ್ಲ, ಯಾವ ಬೀಗ ತೆಗೆಯಲಾಗಲಿಲ್ಲ, ಯಾರ ಹೆಸರು ಪಟ್ಟಿಯಲ್ಲಿ ಬಿಟ್ಟುಹೋಗಿತ್ತು ಎಂದು ನೋಡಿ ಅಲ್ಲೇ ತಿದ್ದಿ, ಒಂದು ಪ್ರತಿಯನ್ನು ತಹಶೀಲ್ದಾರ್ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.