ಡಾಟ್ ಎ ಫೈಲ್ ಎಲ್ಲಿ ಇಡಬೇಕು: ಲಿಂಕರ್ ಮುಂದಕ್ಕೆ ಮಾತ್ರ ನಡೆಯುತ್ತದೆ

ಜಿಸಿಸಿ ಕಂಪೈಲರ್‌ಗೆ ಕೊಟ್ಟ ಈ ಸಾಲು ನೋಡಿ. ಓ ಫೈಲ್ ಅಂದರೆ ಕಂಪೈಲ್ ಆದ ಒಂದು ತುಂಡು, ಎ ಫೈಲ್ ಅಂದರೆ ಅಂಥ ತುಂಡುಗಳ ಕಟ್ಟು, ಅಂದರೆ ಲೈಬ್ರರಿ. ಇವನ್ನು ಜೋಡಿಸಿ ಒಂದು ಪ್ರೋಗ್ರಾಂ ಮಾಡುವುದು ಲಿಂಕರ್. ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ನೀವು ಇಂಗ್ಲಿಷಿನಲ್ಲೇ ಟೈಪ್ ಮಾಡಿ.

ಜಿಸಿಸಿ ಲಿಬ್‌ಕಬ್ಬು.ಎ ಮೇನ್.ಓ

ಮೈಸೂರಿನ ಸರಸ್ವತಿಪುರಂನಲ್ಲಿ ಸಂಜೆ ನಾನು ಸಿ ಭಾಷೆ ಹೇಳಿಕೊಡುತ್ತೇನೆ. ಮಂಡ್ಯದಿಂದ ರೈಲಿನಲ್ಲಿ ಬರುವ ಒಬ್ಬಳ ಪ್ರಾಜೆಕ್ಟ್ ಇದು: ವೇಬ್ರಿಡ್ಜ್‌ನಿಂದ ಕಬ್ಬಿನ ಲಾರಿಯ ತೂಕ ಓದಿ ರಸೀದಿ ಕೊಡುವುದು. ಕಂಪೈಲ್ ಸಲೀಸಾಗಿ ಆಯಿತು. ಲಿಂಕ್ ಮಾಡುವಾಗ ‘ಅನ್‌ಡಿಫೈನ್ಡ್ ರೆಫರೆನ್ಸ್ ಟು ತೂಕ_ಓದು’ ಅಂತ ಬಂತು, ಅಂದರೆ ಆ ಫಂಕ್ಷನ್ ಲಿಂಕರ್‌ಗೆ ಸಿಗಲಿಲ್ಲ. "ಸಾರ್, ಫಂಕ್ಷನ್ ಲೈಬ್ರರಿಯಲ್ಲೇ ಇದೆಯಲ್ಲಾ!" ಅಂದಳು. ಇತ್ತು, ನಿಜ.

ಲಿಂಕರ್ ಸಾಲನ್ನು ಎಡದಿಂದ ಬಲಕ್ಕೆ ಓದುತ್ತದೆ. ಚೀಟಿ ಹಿಡಿದು ದೇವರಾಜ ಮಾರುಕಟ್ಟೆಯಲ್ಲಿ ಒಂದು ತುದಿಯಿಂದ ಹೊರಟವರು ವಾಪಸ್ ತಿರುಗದೆ ಆ ತುದಿಗೆ ಹೋದ ಹಾಗೆ. ಓ ಫೈಲ್ ಸಿಕ್ಕರೆ ಕಣ್ಣು ಮುಚ್ಚಿ ಸೇರಿಸಿಕೊಂಡು, ಅದಕ್ಕೆ ಬೇಕಾದ ಹೆಸರುಗಳನ್ನು ಚೀಟಿಗೆ ಬರೆದುಕೊಳ್ಳುತ್ತದೆ. ಎ ಫೈಲ್ ಸಿಕ್ಕರೆ ಹಾಗಲ್ಲ. ಆ ಹೊತ್ತಿಗೆ ಚೀಟಿಯಲ್ಲಿ ಇರುವ ಹೆಸರು ಅದರ ಇಂಡೆಕ್ಸ್‌ನಲ್ಲಿ (ಹೆಸರುಗಳ ಪಟ್ಟಿಯಲ್ಲಿ) ಇದ್ದರೆ ಮಾತ್ರ ಆ ಮೆಂಬರ್ ಅನ್ನು, ಅಂದರೆ ಕಟ್ಟಿನೊಳಗಿನ ಆ ಓ ಫೈಲ್ ಅನ್ನು, ಎಳೆದುಕೊಳ್ಳುತ್ತದೆ. ನಮ್ಮ ಸಾಲಿನಲ್ಲಿ ಲಿಬ್‌ಕಬ್ಬು.ಎ ಬಂದಾಗ ತೂಕ_ಓದು ಬೇಕು ಅಂತ ಯಾರೂ ಕೇಳಿರಲೇ ಇಲ್ಲ. ಮೇನ್.ಓ ಕೇಳುವಷ್ಟರಲ್ಲಿ ಅಂಗಡಿ ದಾಟಿ ಆಗಿತ್ತು. ಮೇನ್.ಓ ಮೊದಲು, ಲೈಬ್ರರಿ ಆಮೇಲೆ. ಅಷ್ಟೇ.

ಒಂದೇ ಎ ಫೈಲ್‌ನೊಳಗೆ ಮಾತ್ರ ಕ್ರಮದ ಚಿಂತೆ ಇಲ್ಲ. ಲಿಬ್‌ಕಬ್ಬು.ಎ ಒಳಗಿನ ತೂಕ.ಓ ಬಂದು, ಅಲ್ಲೇ ಇರುವ ಸೀರಿಯಲ್.ಓ ಬೇಕು ಅಂದರೆ, ಹೊಸದೇನೂ ಸಿಗದ ತನಕ ಅದೇ ಇಂಡೆಕ್ಸ್‌ನಲ್ಲಿ ಮತ್ತೆ ಮತ್ತೆ ಹುಡುಕುತ್ತದೆ.

ತಪ್ಪು ಬಂದಾಗ ಸುಮ್ನೆ ಕೋಡ್ ಕೆದಕಬೇಡಿ. ಒಳಗಿನ ಹೆಸರುಗಳನ್ನು ತೋರಿಸುವ ಕಮಾಂಡ್ ‘ಎನ್‌ಎಂ ಲಿಬ್‌ಕಬ್ಬು.ಎ’ ಕೊಡಿ. ಹೆಸರಿನ ಮುಂದೆ ದೊಡ್ಡ ಟಿ ಇದ್ದರೆ ಆ ಫಂಕ್ಷನ್ ಅಲ್ಲಿದೆ. ಯು ಇದ್ದರೆ ಆ ಮೆಂಬರೇ ಅದನ್ನು ಬೇರೆಯವರ ಹತ್ತಿರ ಕೇಳುತ್ತಿದೆ. ಸಣ್ಣ ಟಿ ಅಂದರೆ ಸ್ಟಾಟಿಕ್, ಹೊರಗಿನವರಿಗೆ ಸಿಗದು. ಯಾವ ಮೆಂಬರ್ ಯಾರ ದೆಸೆಯಿಂದ ಒಳಗೆ ಬಂತು ಅಂತ ತಿಳಿಯಬೇಕಾದರೆ ಜಿಸಿಸಿ ಸಾಲಿಗೆ ‘-ಡಬ್ಲ್ಯುಎಲ್,-ಮ್ಯಾಪ್=ಕಬ್ಬು.ಮ್ಯಾಪ್’ ಸೇರಿಸಿ (-ಡಬ್ಲ್ಯುಎಲ್ ಅಂದರೆ ಮುಂದಿನದನ್ನು ಲಿಂಕರ್‌ಗೆ ದಾಟಿಸು), ಆ ಫೈಲ್‌ನ ಮೊದಲ ಭಾಗ ಓದಿ. ಇದನ್ನು ಯಾರೂ ಓದಲ್ಲ, ಅದೇ ನನಗೆ ಬೇಜಾರು.

ಎರಡು ಲೈಬ್ರರಿ ಒಂದನ್ನೊಂದು ಕೇಳಿದರೆ? ಲಿಬ್‌ಕಬ್ಬು ಲಿಬ್‌ಲಾಗ್ ಅನ್ನು ಕರೆಯುತ್ತದೆ, ಲಿಬ್‌ಲಾಗ್ ಮತ್ತೆ ಲಿಬ್‌ಕಬ್ಬುವಿನ ಸೀರಿಯಲ್.ಓ ದಲ್ಲಿರುವ ಸೀರಿಯಲ್_ಕಳಿಸು ಬೇಕು ಅನ್ನುತ್ತದೆ. ತಮಾಷೆ ಇಲ್ಲಿದೆ. ತೂಕ.ಓ ಮೊದಲೇ ಸೀರಿಯಲ್.ಓ ಅನ್ನು ಎಳೆದಿದ್ದರೆ ಎಲ್ಲ ಸರಿ ಹೋಗುತ್ತದೆ. ಮುಂದೆ ಯಾರೋ ತೂಕ.ಓ ದಲ್ಲಿ ಆ ಒಂದು ಕರೆ ತೆಗೆದ ದಿನ, ಲಾಗ್ ಕೋಡ್ ಮುಟ್ಟದೇ ಇದ್ದರೂ ಲಾಗ್‌ನಲ್ಲಿ ತಪ್ಪು ಬರುತ್ತದೆ. ‘ನಿನ್ನೆ ಓಡ್ತಿತ್ತು’ ಅನ್ನುವುದರ ಗುಟ್ಟು ಎಷ್ಟೋ ಸಲ ಇದೇ. ಲಿಬ್‌ಕಬ್ಬು.ಎ ಅನ್ನು ಕೊನೆಯಲ್ಲಿ ಇನ್ನೊಮ್ಮೆ ಬರೆಯಿರಿ. ಇಲ್ಲವೇ ಎರಡನ್ನೂ ‘-ಡಬ್ಲ್ಯುಎಲ್,--ಸ್ಟಾರ್ಟ್-ಗ್ರೂಪ್’, ‘-ಡಬ್ಲ್ಯುಎಲ್,--ಎಂಡ್-ಗ್ರೂಪ್’ ನಡುವೆ ಇಡಿ, ಆಗ ಲಿಂಕರ್ ಅವೆರಡನ್ನೂ ಮತ್ತೆ ಮತ್ತೆ ಹುಡುಕುತ್ತದೆ. ಎಲ್ಲವನ್ನೂ ಗ್ರೂಪ್‌ಗೆ ತುರುಕುವವರೂ ಇದ್ದಾರೆ. ನನಗೆ ಅದು ಹಿಡಿಸದು, ಯಾರು ಯಾರನ್ನು ನಂಬಿದ್ದಾರೆ ಅನ್ನುವುದೇ ಮರೆಯಾಗುತ್ತದೆ. ಎಲ್‌ಎಲ್‌ಡಿ ಎಂಬ ಇನ್ನೊಂದು ಲಿಂಕರ್ ದಾಟಿದ ಲೈಬ್ರರಿಯನ್ನೂ ನೆನಪಿಟ್ಟುಕೊಳ್ಳುತ್ತದೆ, ಅಲ್ಲಿ ಈ ತಾಪತ್ರಯ ಕಡಿಮೆ.

ಮೆಂಬರ್ ಬಂದರೆ ಇಡಿಯಾಗಿ ಬರುತ್ತದೆ. ತೂಕ.ಓ ದಲ್ಲಿ ಟೇರ್ (ಖಾಲಿ ಲಾರಿಯ ತೂಕ) ಫಂಕ್ಷನ್ ಕೂಡ ಇದ್ದು, ನೀವೂ ಮೇನ್‌ನಲ್ಲಿ ಟೇರ್ ಬರೆದಿದ್ದರೆ ‘ಮಲ್ಟಿಪಲ್ ಡೆಫಿನಿಷನ್’ ಗ್ಯಾರಂಟಿ. ಒಂದು ಫೈಲ್‌ಗೆ ಒಂದೇ ಕೆಲಸ ಇಡಿ.

ಮೈಕ್ರೋಕಂಟ್ರೋಲರ್ ಬೋರ್ಡ್ ಮೇಲೆ ಕೆಲಸ ಮಾಡುವವರಿಗೆ ಇನ್ನೊಂದು. ಬೋರ್ಡ್ ಶುರುವಾದಾಗ ಓಡುವ ಸ್ಟಾರ್ಟಪ್ ಫೈಲ್‌ನಲ್ಲಿ ಇಂಟರಪ್ಟ್ ಹ್ಯಾಂಡ್ಲರ್‌ಗಳು (ಹಾರ್ಡ್‌ವೇರ್ ಕರೆದಾಗ ಓಡುವ ಫಂಕ್ಷನ್‌ಗಳು) ವೀಕ್ ಆಗಿ, ಅಂದರೆ ಅದೇ ಹೆಸರಿನ ಬೇರೆಯದು ಬಂದರೆ ಜಾಗ ಬಿಡುವಂತೆ, ಇರುತ್ತವೆ. ನಿಮ್ಮ ನಿಜವಾದ ಹ್ಯಾಂಡ್ಲರ್ ಎ ಫೈಲ್‌ನಲ್ಲಿ ಕೂತಿದ್ದರೆ ಆ ಹೆಸರಿನ ದೆಸೆಯಿಂದ ಅದು ಬರುವುದೇ ಇಲ್ಲ. ಹೆಸರು ಆಗಲೇ ಸಿಕ್ಕಿದೆ, ಲಿಂಕರ್ ಯಾಕೆ ಹುಡುಕಬೇಕು? ತಪ್ಪೂ ತೋರಿಸದು, ಇಂಟರಪ್ಟ್ ಬಂದಾಗ ಬೋರ್ಡ್ ಸುಮ್ಮನೆ ನಿಂತುಬಿಡುತ್ತದೆ. ಆ ಓ ಫೈಲ್ ಅನ್ನು ನೇರವಾಗಿ ಸಾಲಿಗೆ ಸೇರಿಸಿ. ಲೈಬ್ರರಿಯನ್ನು ಇಡಿಯಾಗಿ ಸೇರಿಸುವ ‘-ಡಬ್ಲ್ಯುಎಲ್,--ಹೋಲ್-ಆರ್ಕೈವ್’ ಕೂಡ ಆಗುತ್ತದೆ, ಆದರೆ ಆ ಲೈಬ್ರರಿ ಮುಗಿದ ತಕ್ಷಣ ‘-ಡಬ್ಲ್ಯುಎಲ್,--ನೋ-ಹೋಲ್-ಆರ್ಕೈವ್’ ಹಾಕಿ. ಇಲ್ಲದಿದ್ದರೆ ಜಿಸಿಸಿ ಕೊನೆಯಲ್ಲಿ ತಾನಾಗಿ ಸೇರಿಸುವ ಲೈಬ್ರರಿಗಳೂ ಇಡಿಯಾಗಿ ಒಳಗೆ ಬಂದುಬಿಡುತ್ತವೆ.